ಬಾಗಿಲಾಚೆಯ ಗಿಣಿ

ಸ್ಟುಡಿಯೋದಲ್ಲಿ ಅವಳಿಗೆ ‘ಮೂರು ಗಂಟಲಿನವಳು’ ಎಂದೇ ಹೆಸರು. ಟೀವಿಯಲ್ಲಿ ಮಕ್ಕಳಿಗೆ ಬುದ್ಧಿಮಾತು ಹೇಳುವ ಒಂದು ಕಾರ್ಟೂನ್ ಬರುತ್ತಿತ್ತು. ಅದರಲ್ಲಿ ಮರಿ ಅಳಿಲು ಅವಳೇ, ಅಮ್ಮ ಅಳಿಲು ಅವಳೇ, ಕಂಡಕಂಡವರ ದನಿ ಕದಿಯುವ ಕಳ್ಳ ಗಿಣಿಯೂ ಅವಳೇ. ಅಮ್ಮ ಅಳಿಲಿಗೆ ಬೇರೆ ದನಿ ಹುಡುಕುವ ಗೋಜಿಗೇ ಹೋಗದೆ ತನ್ನ ಸ್ವಂತ ದನಿಯನ್ನೇ ಕೊಟ್ಟಿದ್ದಳು. ಎಡವಟ್ಟಾದದ್ದು ಅಲ್ಲೇ ನೋಡಿ.

ಒಂದು ಕಂತಿನಲ್ಲಿ ಗಿಣಿ ಅಳಿಲಿನ ಮನೆಗೆ ಬಂದು, ಥೇಟ್ ಅಮ್ಮನ ದನಿಯಲ್ಲಿ “ಬಾಗಿಲು ತೆಗಿ ಚಿನ್ನಾ” ಎಂದಿತು. ಮರಿ ತೆಗೆಯಲಿಲ್ಲ. ನಿಜವಾದ ಅಮ್ಮನನ್ನು ಗುರುತಿಸುವುದು ಹೇಗೆ? ಮುಂದಿನ ವಾರ ನೋಡಿ! ಆ ಮುಂದಿನ ವಾರ ಬರಲೇ ಇಲ್ಲ. ನೋಡುವವರಿಲ್ಲವೆಂದು ಚಾನೆಲ್‌ನವರು ಕಾರ್ಟೂನನ್ನೇ ನಿಲ್ಲಿಸಿಬಿಟ್ಟರು. ದೊಡ್ಡವರಿಗೇನು, ಕೈ ಒರೆಸಿಕೊಂಡು ಎದ್ದು ಹೋದರು. ಪಾಪ, ನೋಡುತ್ತಿದ್ದ ನಾಲ್ಕು ಮಕ್ಕಳು ಆ ಬಾಗಿಲ ಹಿಂದೆಯೇ ಉಳಿದರು. ಅವಳ ಐದು ವರ್ಷದ ಮಗಳೂ ಅವರಲ್ಲೊಬ್ಬಳು.

ಅದಾದ ಕೆಲವೇ ದಿನಕ್ಕೆ, ಒಲೆಯ ಮೇಲೆ ಹಾಲಿಟ್ಟು, “ಚಿಲಕ ಹಾಕ್ಕೋ, ಈಗ ಬಂದೆ” ಎಂದು ಅವಳು ಸಕ್ಕರೆ ತರಲು ಕೆಳಗಿನ ಅಂಗಡಿಗೆ ಓಡಿದಳು. ಅಂಗಡಿಯವನ ಮಾತಿಗೆ ಸಿಕ್ಕಿ ತಡವಾಯಿತು. ಮೆಟ್ಟಿಲು ಹತ್ತುವಾಗಲೇ ಸೀದ ವಾಸನೆ. ಬಾಗಿಲ ಸಂದಿಯಿಂದ ಹೊಗೆ.

“ಪುಟ್ಟೀ, ಬಾಗಿಲು ತೆಗಿ!”

“ತೆಗಿಯಲ್ಲ. ನೀನು ಗಿಣಿ!”

“ಅಯ್ಯೋ, ನಾನು ಕಣೇ, ಅಮ್ಮ!”

“ಗಿಣೀನೂ ಹಂಗೇ ಹೇಳ್ತು!” ಒಳಗಿನಿಂದ ಕೆಮ್ಮು ಕೇಳಿಸಿತು.

ಪಕ್ಕದ ಮನೆಯ ದರ್ಜಿ ಓಡಿ ಬಂದ. “ನಿನ್ನ ಮಗಳು ಗಟ್ಟಿ ಪಿಂಡ ಕಣಮ್ಮಾ” ಎನ್ನುತ್ತಲೇ ಭುಜ ಕೊಟ್ಟು ಗುದ್ದಿದ. ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಗು ಕಿಟಾರನೆ ಕಿರುಚಿತು. ಮುಂದಿನ ಕೆಮ್ಮು ದೂರದಿಂದ, ಅಡುಗೆಮನೆಯ ಕಡೆಯಿಂದ ಕೇಳಿಸಿತು. ಹೆದರಿ ಹೊಗೆಯತ್ತಲೇ ಓಡುತ್ತಿದೆ!

“ಗುದ್ದಬೇಡಿ ಅಣ್ಣಾ!” ಎಂದು ಅವಳು ಬಾಗಿಲ ಬುಡದಲ್ಲೇ ಕೂತಳು. ಪ್ರತಿ ಕಂತಿನ ಶುರುವಿನಲ್ಲಿ ಬರುತ್ತಿದ್ದ ಕಾರ್ಟೂನಿನ ಹಾಡನ್ನು ಮೊದಲಿನಿಂದ ಹಾಡಿದಳು. ಇವಳಿಗೆ ತಲೆ ಕೆಟ್ಟಿತೇ ಎಂದು ದರ್ಜಿ ಬಾಯಿ ಬಿಟ್ಟುಕೊಂಡು ನಿಂತ. ಹಾಡು ಮುಗಿಸಿ, ಮರಿ ಅಳಿಲಿನ ಕೀಚಲು ದನಿಯಲ್ಲಿ ಹೇಳಿದಳು: “ದನೀನ ಯಾರು ಬೇಕಾದ್ರೂ ಕದೀಬಹುದು. ಕೈ ಕದಿಯೋಕಾಗಲ್ಲ. ಬಾಗಿಲ ಕೆಳಗಿಂದ ಕೈ ಕೊಡು, ಮುಟ್ಟಿ ನೋಡ್ತೀನಿ!”

ಮಾತು ರೆಕಾರ್ಡ್ ಆಗಿಯೂ ಟೀವಿಗೆ ಬಾರದೆ ಹೋದ ಕಂತು ಅದು. ಅವಳು ಬಾಗಿಲ ಕೆಳಗೆ ಬೆರಳು ತೂರಿಸಿದಳು. ಒಳಗೆ ಸದ್ದೇ ಇಲ್ಲ. ದೇವರೇ, ಕೆಮ್ಮಾದರೂ ಕೇಳಿಸಲಿ! ಎಷ್ಟೋ ಹೊತ್ತಿನ ಮೇಲೆ ಪುಟ್ಟ ಕೈಯೊಂದು ಬಂದು, ಅವಳ ಕಿರುಬೆರಳಿನ ಸೀಳು ಉಗುರನ್ನು ತಡವಿತು. ದಿನಾ ನಿದ್ದೆ ಹತ್ತುವವರೆಗೆ ಮಗು ಸವರುತ್ತಿದ್ದ ಉಗುರು ಅದು.

ಚಿಲಕ ಸರಿಯಿತು. ದರ್ಜಿ ಒಳನುಗ್ಗಿ ಗ್ಯಾಸ್ ಆರಿಸಿದ, ಕಿಡಿ ಹತ್ತಿದ್ದ ಮಸಿಬಟ್ಟೆಯ ಮೇಲೆ ನೀರು ಸುರಿದ. ಅವಳು ಮಗಳನ್ನು ಅವುಚಿಕೊಂಡು ಗೊಳೋ ಎಂದು ಅತ್ತಳು.

ಮಗು ಅವಳ ತೋಳಿನಿಂದ ನುಸುಳಿ ಹೋಗಿ ಮತ್ತೆ ಬಾಗಿಲು ಹಾಕಿ ಚಿಲಕ ಜಡಿಯಿತು. “ಗಿಣಿ ಇನ್ನೂ ಹೊರಗೇ ಇದೆ ಅಮ್ಮಾ” ಎಂದು ಪಿಸುಗುಟ್ಟಿತು.

ಇಲ್ಲ ಪುಟ್ಟೀ ಎನ್ನಲು ಅವಳು ಬಾಯಿ ತೆರೆದಳು. ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ಸುಮ್ಮನೆ ಕೈ ಮುಂದೆ ಚಾಚಿದಳು.