ಹೊಸ ಪ್ಲಗ್ಗಿಗೆ ಅಜ್ಜಿ ಇಟ್ಟ ಕುಂಕುಮ

ಆಗೆಲ್ಲ ಬೆಟ್ಟದಪುರದ ಕಡೆ ಆಯುಧಪೂಜೆ ಬರುತ್ತಿದ್ದುದೇ ಹೊಗೆಸೊಪ್ಪು ಬೇಯಿಸುವ ಗಡಿಬಿಡಿಯಲ್ಲಿ. ಹಬ್ಬದ ಒಬ್ಬಟ್ಟಿಗೂ ಸೊಪ್ಪಿನ ಘಾಟು ಹತ್ತಿರುತ್ತಿತ್ತು.

ಸೊಪ್ಪು ಬೇಯಿಸುವ ಗೂಡಿಗೆ ಸೌದೆ ಹೊರಲು ನಮ್ಮದೊಂದು ಹಳೇ ಪೆಟ್ರೋಲ್ ಲಾರಿ. ಕುಡಿಯೋದು ಜಾಸ್ತಿ, ದುಡಿಯೋದು ಕಮ್ಮಿ ಎಂದು ಅಮ್ಮ ಬೈಯುತ್ತಿದ್ದಳು. ಆ ಸಲ ಹಬ್ಬಕ್ಕೆಂದು ಅಪ್ಪ ಅದಕ್ಕೆ ಹೊಸ ಸ್ಪಾರ್ಕ್ ಪ್ಲಗ್ಗು, ಪಾಯಿಂಟು, ಕಂಡೆನ್ಸರು ಎಲ್ಲ ಹಾಕಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸಂಜೆ ಪೂಜೆಯೂ ಆಯಿತು.

ಬೆಳಿಗ್ಗೆ ನೋಡಿದರೆ ಜಪ್ಪಯ್ಯ ಅಂದರೂ ಲಾರಿ ಸ್ಟಾರ್ಟ್ ಆಗಲಿಲ್ಲ. ಗೂಡಿನ ಹತ್ತಿರ ಮಧ್ಯಾಹ್ನದವರೆಗೆ ಸಾಲುವಷ್ಟೇ ಸೌದೆ. ಉಳಿದದ್ದು ಹಾರನಹಳ್ಳಿಯಲ್ಲಿ ಬಿದ್ದಿತ್ತು. ನಡುವೆ ಉರಿ ಆರಿದರೆ ಸೊಪ್ಪೆಲ್ಲ ಕಪ್ಪಗಾಗಿ ವರ್ಷದ ದುಡಿಮೆ ಮಣ್ಣುಪಾಲು. ಊರಿನ ಬೇರೆ ಗಾಡಿಗಳೆಲ್ಲ ಅವರವರ ಗೂಡಿಗೇ ಓಡುತ್ತಿದ್ದವು. ನಾನು ಗೂಡಿಗೂ ಲಾರಿಗೂ ಓಡಾಡುತ್ತಿದ್ದೆ. ಸೌದೆಯ ರಾಶಿ ಇಳಿಯುತ್ತಲೇ ಇತ್ತು.

ಅಪ್ಪ ಹಳೇ ಕಂಡೆನ್ಸರು ಹಾಕಿ ನೋಡಿದ, ವೈರುಗಳನ್ನು ತೆಗೆದು ಮತ್ತೆ ಸಿಕ್ಕಿಸಿದ. ಏನೂ ಆಗಲಿಲ್ಲ. ಅಷ್ಟರಲ್ಲಿ ಜಿಟಿಜಿಟಿ ಹನಿ. ಎಂಜಿನ್ನು ನೆನೆಯದಂತೆ ಗೋಣಿತಾಟು ಹೊದ್ದು ನಾನೂ ಅಪ್ಪನೂ ಬಗ್ಗಿದೆವು. ಅಮ್ಮ ಒಳಗೆ ಕೂತು ಸೆಲ್ಫ್ ಹೊಡೆದಳು. ಗೋಣಿಯ ಕತ್ತಲಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ನೀಲಿ ಕಿಡಿ ಸರಸರ ಹರಿಯಿತು.

"ಅಪ್ಪಾ, ಕುಂಕುಮದ ಮ್ಯಾಲೆ ಬೆಂಕಿ!"

ಅಪ್ಪ ಗೋಣಿ ಸರಿಸಿ ಜಗಲಿಯಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದ. "ಅವ್ವ, ಪ್ಲಗ್ಗಿಗೆ ನೀನಾ ಇಟ್ಟಿದ್ದು?"

ತಾತ ಹೋದಮೇಲೆ ಅಜ್ಜಿ ಕುಂಕುಮದ ಭರಣಿ ಮುಟ್ಟಿದವಳಲ್ಲ. ಅವಳ ಮುಖ ಬಿಳಿಚಿತು.

"ಹೊಸ ಸಾಮಾನು, ಬೋಳಾಗಿರಬಾರ್ದು ಅಂತ ನೀರಲ್ಲಿ ಕಲೆಸಿ ಇಟ್ಟೆ ಕಣಪ್ಪ. ನನ್ ಕೈ ಸೋಕಿದ್ಕೇ ಕೆಡ್ತು."

"ಯಾರ್ ಇಟ್ಟಿದ್ರೂ ಕೆಡ್ತಿತ್ತು ಕಣವ್ವ. ಒದ್ದೆ ಮೇಲೆ ಕರೆಂಟ್ ಅಂಗೇ ಹರಿದೋಯ್ತದೆ, ಒಳಿಕ್ಕೆ ಕಿಡಿ ಹೋಗಲ್ಲ."

ಅಜ್ಜಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಸೆರಗಿನಿಂದ ಒಂದೊಂದೇ ಪ್ಲಗ್ಗು ತಾನೇ ಒರೆಸಿದಳು. ಲಾರಿ ಗುಡುಗಿತು. ಸೌದೆ ಬಂತು, ಸೊಪ್ಪು ಉಳಿಯಿತು. ಅಂದು ನಾವೆಲ್ಲ ಎಷ್ಟು ನಕ್ಕೆವು!

ಮುಂದಿನ ಹಬ್ಬಕ್ಕೆ ಅಪ್ಪ ಭರಣಿಯನ್ನೇ ಹಿಡಿದು ಅಜ್ಜಿಯ ಹತ್ತಿರ ಹೋದ. "ಬಾರವ್ವ, ಬಂಪರ್‌ಗೆ ನೀನೇ ಇಡು."

"ಬ್ಯಾಡ ಬುಡಪ್ಪ. ಮಕ್ಕಳಿರೋ ಮನೆ," ಎಂದು ಅಜ್ಜಿ ಒಳಗೆ ಹೋದಳು. ಆಮೇಲೆ ಯಾವ ವರ್ಷವೂ ಪೂಜೆಯ ಹೊತ್ತಿಗೆ ಅಂಗಳಕ್ಕೆ ಬರಲಿಲ್ಲ.

ಈಗ ನಮ್ಮ ಮನೆಯ ಮುಂದಿರುವುದು ಡೀಸೆಲ್ ಗಾಡಿ. ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಕುಂಕುಮ ಎಲ್ಲಿಟ್ಟರೂ ಓಡುತ್ತದೆ. ಈ ಮಾತನ್ನು ಅಜ್ಜಿಗೆ ಹೇಳಬೇಕಿತ್ತು ಎಂದು ಪ್ರತಿ ಹಬ್ಬಕ್ಕೂ ಅನ್ನಿಸುತ್ತದೆ.