ರಟ್ಟಿನ ಕೊನೆಯ ಸಾಲು

ನಮ್ಮ ಕಿರಾಣಿ ಅಂಗಡಿ ಇರುವುದು ಕಿತ್ತೂರಿನಲ್ಲಿ, ಕೋಟೆಗೆ ಹೋಗುವ ರಸ್ತೆಯ ಮೇಲೆ. ಕೋಟೆ ನೋಡಲು ಬರುವವರಲ್ಲಿ ಕನ್ನಡ ಬಾರದವರೂ ಇರುತ್ತಾರೆ. ನೀರಿನ ಬಾಟಲಿ ಕೇಳಲು ಬಂದವರು ಖಡಕ್ ರೊಟ್ಟಿಯ ಕಟ್ಟು ಕಂಡು ನಿಲ್ಲುತ್ತಾರೆ. ಅವರೊಡನೆ ಮಾತಾಡುವುದು ನನ್ನ ಗಂಡನ ಕೆಲಸ. ಒಳಗೆ ಕೂತು ರೊಟ್ಟಿ ಬಡಿಯುವುದು, ಹಿಂಡಿ ಮಾಡುವುದು ನನ್ನದು. ಬೇರೆ ಕಡೆಯವರು ಚಟ್ನಿಪುಡಿ ಎನ್ನುವುದಕ್ಕೆ ನಾವು ಹಿಂಡಿ ಎನ್ನುತ್ತೇವೆ.

ಇಂಗ್ಲಿಷ್ ಕೇಳಿದರೆ ನನಗೆ ಮೊದಲಿನಿಂದಲೂ ಅಂಜಿಕೆ. ರಾಮದುರ್ಗದ ಹತ್ತಿರದ ನನ್ನ ತವರಿನಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಒಂದು ಮಧ್ಯಾಹ್ನ ನಮ್ಮವರು ಬಿಸ್ಕಿಟ್ ಪೆಟ್ಟಿಗೆಯ ರಟ್ಟು ಹರಿದುಕೊಂಡು, ಅದರ ಮೇಲೆ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯತೊಡಗಿದರು.

“ನನಗ್ಯಾಕ್ರಿ ಇದು?” ಎಂದೆ.

“ನಾ ಶೇಂಗಾ ತರಾಕ ಬೈಲಹೊಂಗಲಕ್ಕ ಹೋದಾಗ ನೀ ಏನ ಮಾಡ್ತಿ ಗೊತ್ತೈತಿ. ಗಿರಾಕಿ ಇಂಗ್ಲಿಷ್ ಮಾತಾಡಿದ್ರ ಹುಲಿ ಬಂದಂಗ ಒಳಗ ಓಡ್ತಿ.”

ವಾಟ್ ಡು ಯು ವಾಂಟ್. ಹಾಫ್ ಕೆಜಿ ಆರ್ ಒನ್ ಕೆಜಿ. ಇಟ್ ಈಸ್ ಫ್ರೆಶ್, ಹೋಮ್ ಮೇಡ್. ನೋ ಸ್ಟಾಕ್, ಕಮ್ ಟುಮಾರೋ. ಬ್ಯಾಗ್ ಈಸ್ ದೇರ್? ಸ್ಕ್ಯಾನ್ ಹಿಯರ್. ಹೀಗೆ ಹದಿನಾಲ್ಕು ಸಾಲು. ಕೊನೆಯದು: ಸಾರಿ, ಮೈ ಮಿಸ್ಟೇಕ್, ಪ್ಲೀಸ್ ಗಿವ್ ಇಟ್ ಬ್ಯಾಕ್.

“ಇದ್ಯಾಕ?” ಎಂದು ಕೇಳಿದೆ.

“ನೀ ಒಂದಿಲ್ಲೊಂದ ದಿನ ಸಕ್ರಿ ಅಂದವ್ರಿಗೆ ಉಪ್ಪ ಕೊಡಾಕಿ. ಅದಕ್ಕ ಬರದೇನಿ,” ಎಂದು ನಕ್ಕರು. ನಾನು ಸಿಟ್ಟಾದೆ. ಅವರು ರಟ್ಟನ್ನು ಕೌಂಟರಿನ ಒಳಮಗ್ಗುಲಿಗೆ, ಕೂತವರಿಗೆ ಮಾತ್ರ ಕಾಣುವಂತೆ, ಮೊಳೆ ಹೊಡೆದು ಕೂಡಿಸಿದರು.

ಅವರು ಹೋಗಿ ಈಗ ಎಂಟು ತಿಂಗಳು. ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಡಾಕ್ಟರರು ಅವರ ಮಂಚದ ಪಕ್ಕ ನಿಂತು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿ, ಆಮೇಲೆ ನನ್ನ ಕಡೆ ತಿರುಗಿ, “ಗೊತ್ತಾತಲ್ಲಮ್ಮ?” ಎನ್ನುತ್ತಿದ್ದರು. ನಾನು ಗೋಣು ಹಾಕುತ್ತಿದ್ದೆ. ನನಗೆ ಏನೂ ಗೊತ್ತಾಗಿರಲಿಲ್ಲ. ಮತ್ತೊಮ್ಮೆ ಹೇಳಿರಿ ಎಂದಿದ್ದರೆ ಹೇಳುತ್ತಿದ್ದರೋ ಏನೋ. ಕೇಳಲು ಅಂಜಿದೆ. ಅಲ್ಲಿಂದ ಬಂದ ಮೇಲೆ ಯಾರೇ ಇಂಗ್ಲಿಷ್ ಮಾತಾಡಿದರೂ ನನ್ನ ಕೈ ತಣ್ಣಗಾಗುತ್ತದೆ.

ತಿಂಗಳ ನಂತರ ಅಂಗಡಿ ತೆಗೆದು ಅವರ ಜಾಗದಲ್ಲಿ ಕೂತೆ. ರಟ್ಟಿನ ಮೇಲೆ ಕಣ್ಣಿಟ್ಟೇ ಮಾತಾಡುತ್ತಿದ್ದೆ. ಗಿರಾಕಿಗಳಿಗೆ ನಾನು ನೆಲ ನೋಡುವ ನಾಚಿಕೆಯವಳಂತೆ ಕಂಡಿರಬೇಕು.

ಕಳೆದ ತಿಂಗಳು ಒಂದು ಕಾರು ನಿಂತಿತು. ಕೇರಳದವರು. ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ತಾಯಿ ನೇರ ಬಂದು ರೊಟ್ಟಿ ತೆಗೆದುಕೊಂಡರು. ಆಮೇಲೆ ಗಾಜಿನ ಭರಣಿಗಳನ್ನು ನೋಡಿ, ಅಗಸಿ ಬೀಜದ ಹಿಂಡಿಯ ಭರಣಿ ತೋರಿಸಿದರು. ಪಕ್ಕದಲ್ಲಿದ್ದ ಶೇಂಗಾ ಚೀಲದತ್ತ ಬೆರಳು ಮಾಡಿ, ಆಮೇಲೆ ಭರಣಿಯತ್ತ ಬೆರಳು ಮಾಡಿ, “ಪೀನಟ್? ಇನ್ ದಿಸ್?” ಎಂದರು. ಮಗಳ ಗಂಟಲು ಮುಟ್ಟಿ, “ಪೀನಟ್, ಹಾಸ್ಪಿಟಲ್,” ಎಂದರು.

ಅಷ್ಟೂ ನನಗೆ ತಿಳಿಯಿತು. ಶೇಂಗಾ ತಿಂದರೆ ಆ ಕೂಸಿನ ಗಂಟಲು ಕಟ್ಟುತ್ತದೆ. ಅಗಸಿ ಹಿಂಡಿಗೆ ಅಗಸಿ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಬಿಟ್ಟರೆ ಏನೂ ಹಾಕುವುದಿಲ್ಲ. ರಟ್ಟು ನೋಡದೆ, ತಲೆ ಎತ್ತಿ, “ನೋ. ನೋ ಪೀನಟ್,” ಎಂದೆ. “ಇಟ್ ಈಸ್ ಫ್ರೆಶ್, ಹೋಮ್ ಮೇಡ್.”

ಆಕೆ ನಕ್ಕು ಕಾಲು ಕಿಲೋ ಕಟ್ಟಿಸಿಕೊಂಡರು. ದೇಗಾಂವದ ಗುಡಿಯ ದಾರಿ ಕೇಳಿದರು, ಅಲ್ಲೇ ಊಟ ಎಂದು ಕೈಸನ್ನೆ ಮಾಡಿದರು. ನಾನು ದಾರಿ ತೋರಿಸಿದೆ. ಕಾರು ಹೋಯಿತು. ನಮ್ಮವರಿದ್ದಿದ್ದರೆ ಇವತ್ತು ಏನನ್ನುತ್ತಿದ್ದರು ಎಂದುಕೊಂಡೆ. ಎಂಟು ತಿಂಗಳಲ್ಲಿ ಅದೊಂದು ಗಳಿಗೆ ಎದೆ ಹಗುರಾಗಿತ್ತು.

ಅಗಸಿ ಹಿಂಡಿಯ ಭರಣಿ ತಳ ಕಂಡಿತ್ತು. ಗಿರಾಕಿ ಇರಲಿಲ್ಲವಾದ್ದರಿಂದ ಮತ್ತೆ ಮಾಡೋಣವೆಂದು ಒಳಗೆ ಹೋದೆ. ಅಗಸಿ ಹುರಿದು ಆರಲು ಬಿಟ್ಟು, ಹುರಿದ ಶೇಂಗಾ ಮಿಕ್ಸರ್ ಜಾರಿಗೆ ಹಾಕಿದೆ. ನಮ್ಮ ಅತ್ತೆ ಕಲಿಸಿದ್ದು ಹಾಗೆ. ಮೊದಲು ಶೇಂಗಾ ಹಿಂಡಿ, ಅದೇ ಜಾರಿನಲ್ಲಿ ಆಮೇಲೆ ಅಗಸಿ. ಶೇಂಗಾದ ಜಿಡ್ಡು ಉಳಿದಿದ್ದರೆ ಅಗಸಿ ಬ್ಲೇಡಿಗೆ ಅಂಟುವುದಿಲ್ಲ. ನಡುವೆ ತೊಳೆಯುವಂತಿಲ್ಲ, ನೀರಿನ ಹಸಿ ತಾಕಿದರೆ ಹಿಂಡಿ ಕೆಡುತ್ತದೆ.

ಬಟನ್ ಮೇಲೆ ಇಟ್ಟ ಬೆರಳು ಅಲ್ಲೇ ನಿಂತಿತು.

ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ. ಜಾರಿನಲ್ಲಿ ಉಳಿದದ್ದನ್ನು ನಾವು ಶೇಂಗಾ ಎಂದು ಎಣಿಸಿಯೇ ಇರಲಿಲ್ಲ.

ಹೊರಗೆ ಓಡಿ ಬಂದೆ. ರಸ್ತೆ ಖಾಲಿ. ಎದುರಿನ ಹೊಲಿಗೆ ಅಂಗಡಿಯವಳು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ನನಗಿಂತ ಸಣ್ಣವಳು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾಳೆ.

“ದೇಗಾಂವಕ್ಕ ಒಯ್ಯವಾ ನನ್ನ. ಈಗ,” ಎಂದೆ.

“ಏನಾತ್ರಿ ವೈನಿ? ಮಾರಿ ಬಿಳಚಿಕೊಂಡೈತಿ.”

ಹೇಳಿದೆ.

“ಶೇಂಗಾ ತಿಂದ್ರ ಯಾರರ ಸಾಯ್ತಾರೇನ್ರಿ? ನಾವು ಹಲ್ಲ ಬರೂಕಿಂತ ಮೊದಲ ಶೇಂಗಾ ತಿಂದವ್ರು.”

“ಆ ಕೂಸಿಗೆ ಆಗಂಗಿಲ್ಲ. ಗಂಟಲಾ ಕಟ್ಟತೈತಂತ.”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು. “ಫೋನ್ ಮಾಡ್ರಲಾ. ನಂಬರ್ ಇಲ್ಲೇನು?”

“ಸ್ಕ್ಯಾನ್ ಮಾಡಿ ರೊಕ್ಕಾ ಹಾಕ್ಯಾರ. ಬರೇ ಹೆಸರ ಬಂದೈತಿ.”

“ಹಂಗಂದ್ರ ಕುಂದ್ರ್ರಿ ಲಗೂನ. ಸೆರಗ ಗಾಲ್ಯಾಗ ಸಿಗತೈತಿ, ಹಿಡಕೋರಿ.”

ಅಂಗಡಿ ತೆರೆದೇ ಬಿಟ್ಟು ಅವಳ ಸ್ಕೂಟಿಯ ಹಿಂದೆ ಕೂತೆ. ದಾರಿಯುದ್ದಕ್ಕೂ ರಟ್ಟಿನ ಸಾಲುಗಳನ್ನು ನೆನೆಸಿಕೊಂಡೆ. ಒಂದೂ ಪೂರ್ತಿ ಬರಲಿಲ್ಲ. ಬ್ಯಾಗ್ ಈಸ್ ದೇರ್ ಎಂಬುದೊಂದೇ ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು. ಆ ಹುಡುಗಿಯ ಕೊರಳು ಕಣ್ಣಮುಂದೆ ಇತ್ತು. ಆಸ್ಪತ್ರೆಯಲ್ಲಿ ನಮ್ಮವರ ಮೂಗಿಗೆ ಹಾಕಿದ್ದ ನಳಿಕೆಯೂ.

ಗುಡಿಯ ಹೊರಗೆ ನೆರಳಿನಲ್ಲಿ ಕೇರಳದವರು ಪೇಪರು ಹಾಸಿ ಕೂತಿದ್ದರು. ಹಿಂಡಿಯ ಪೊಟ್ಟಣ ಬಿಚ್ಚಿತ್ತು. ಗಂಡನ ಬೆರಳಿಗೆ ಕಂದು ಪುಡಿ ಹತ್ತಿತ್ತು. ಹುಡುಗಿಯ ಕೈಯಲ್ಲಿ ರೊಟ್ಟಿಯ ತುಂಡು.

ನಾನು ಎದುರು ನಿಂತೆ. ಹೊಲಿಗೆಯವಳು ಹಿಂದಿನಿಂದ ಬೆನ್ನಿಗೆ ತಿವಿದು, “ಅನ್ರಿ ಏನರ,” ಎಂದಳು.

“ಸಾರಿ,” ಎಂದೆ. “ಮೈ ಮಿಸ್ಟೇಕ್. ಪ್ಲೀಸ್ ಗಿವ್ ಇಟ್ ಬ್ಯಾಕ್.”

ಆ ತಾಯಿಗೆ ತಿಳಿಯಲಿಲ್ಲ. ರೊಕ್ಕ ಕಡಿಮೆ ಬಂತೇನೋ ಎಂದು ಫೋನು ತೆಗೆದರು. ನಾನು ಪೊಟ್ಟಣ ಕೈಗೆತ್ತಿಕೊಂಡೆ. ಮುಂದಿನದು ರಟ್ಟಿನ ಮೇಲೆ ಇರಲಿಲ್ಲ. “ಮಿಕ್ಸರ್,” ಎಂದೆ. ಕೈ ತಿರುಗಿಸಿ ತೋರಿಸಿದೆ. “ಫಸ್ಟ್ ಪೀನಟ್. ಸೆಕೆಂಡ್ ದಿಸ್. ನೋ ವಾಶ್.”

ಆಕೆ ಮಗಳ ಕೈಯಿಂದ ರೊಟ್ಟಿಯ ತುಂಡು ಕಸಿದುಕೊಂಡರು. “ಸೇಮ್ ಮಿಕ್ಸರ್?” ಎಂದು ಕೇಳಿದರು. ಯೆಸ್ ಎಂದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮೂರನೆಯ ಸಲವೂ ಕೇಳಿದರು. ಆಮೇಲೆ ಮಗಳ ಬಾಯಿ ತೆರೆಸಿ ನಾಲಿಗೆ ನೋಡಿದರು, ಕೈ ತೊಳೆಸಿದರು, ಚೀಲದಿಂದ ಒಂದು ಔಷಧದ ಡಬ್ಬಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗಿ ಅವರ ಭಾಷೆಯಲ್ಲಿ ಏನೋ ಅಂದಳು. ತಂದೆ ನನಗೆ ಇಂಗ್ಲಿಷಿನಲ್ಲಿ ಹೇಳಿದರು, ನಾನು ತಿಳಿಯಲಿಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಪೊಟ್ಟಣ ತೋರಿಸಿ, ನೆಲದ ಮಣ್ಣು ತೋರಿಸಿ, ಮಗಳ ಹಾಗೆ ಮೂಗು ಮುರಿದರು. ಹಿಂಡಿ ಮಣ್ಣಿನಂತೆ ಕಂಡಿದ್ದರಿಂದ ಅವಳು ಮುಟ್ಟಿರಲಿಲ್ಲ. ಒಣ ರೊಟ್ಟಿ ತಿಂದಿದ್ದಳು.

ಆದರೂ ತಾಯಿ ಡಬ್ಬಿ ಒಳಗಿಡಲಿಲ್ಲ. ತಂದೆಯ ಕೈ ಅದೇ ರೊಟ್ಟಿಗೆ ತಾಕಿರಬಹುದಲ್ಲ. ನಾನೂ ಅಲ್ಲೇ ಕೂತೆ. ಅರ್ಧ ತಾಸಿಗೂ ಹೆಚ್ಚು ನಾವೆಲ್ಲ ಆ ಹುಡುಗಿಯ ತುಟಿಗಳನ್ನೇ ನೋಡುತ್ತ ಕೂತೆವು. ಅವಳಿಗೆ ನಾಚಿಕೆಯಾಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು, ತಾಯಿ ಬಿಡದೆ ಮುಖ ಎತ್ತಿ ನೋಡಿದರು. ಕೊನೆಗೆ ಡಬ್ಬಿ ಚೀಲಕ್ಕೆ ಹೋಯಿತು. ಆಕೆ ನನ್ನ ಕೈ ಹಿಡಿದರು. ಆಕೆಯ ಕೈಯೂ ತಣ್ಣಗಿತ್ತು.

ಬರುವಾಗ ಹೊಲಿಗೆಯವಳು, “ನಿಮ್ಮ ಇಂಗ್ಲಿಷ್ ಕೇಳಿ ನನಗ ಬೆವರ ಬಂತ್ರಿ ವೈನಿ,” ಎಂದಳು. ನನಗೆ ನಗು ಬರಲಿಲ್ಲ. ಆ ತಾಯಿ ಒಂದೇ ಮಾತನ್ನು ಮೂರು ಸಲ ಕೇಳಿದ್ದು ತಲೆಯಲ್ಲಿತ್ತು. ಆಸ್ಪತ್ರೆಯ ಒಂಬತ್ತು ದಿನದಲ್ಲಿ ನಾನು ಡಾಕ್ಟರರನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ನಮ್ಮವರು ಉಳಿಯುತ್ತಿದ್ದರು ಎಂದಲ್ಲ. ಏನಾಗುತ್ತಿದೆ ಎಂದಾದರೂ ತಿಳಿದಿರುತ್ತಿತ್ತು.

ಈಗ ಅಗಸಿಗೆ ಬೇರೆ ಜಾರು ತಂದಿದ್ದೇನೆ. ಅಂಟುತ್ತದೆ, ಚಮಚದಿಂದ ಕೆರೆದು ತೆಗೆಯುತ್ತೇನೆ. ಆದರೂ ಒಂದೇ ಮನೆ, ಅವೇ ಕೈ. ರಟ್ಟಿನಲ್ಲಿ ಅವರ ಕೊನೆಯ ಸಾಲಿನ ಕೆಳಗೆ ನಾನೂ ಒಂದು ಸಾಲು ಬರೆದೆ: ಪೀನಟ್ ಈಸ್ ಇನ್ ಮೈ ಹೌಸ್. ಕೇಳದಿದ್ದವರಿಗೂ ಮೊದಲು ಅದನ್ನೇ ಹೇಳುತ್ತೇನೆ. ಕೆಲವರು ನಗುತ್ತಾರೆ. ಮೊನ್ನೆ ಒಬ್ಬರು ಪೊಟ್ಟಣ ವಾಪಸು ಇಟ್ಟು ಹೋದರು. ಅವರು ಬಿಟ್ಟ ಪೊಟ್ಟಣವನ್ನು ಮತ್ತೆ ಒಳಗಿಟ್ಟೆ. ವ್ಯಾಪಾರ ಹೋಯಿತು, ಆದರೆ ಹೇಳಿಯಾಗಿತ್ತು.