ಮಗ್ಗ ನಿಂತರೆ ಅಮ್ಮ ಹಾಡುವುದಿಲ್ಲ

ಕೊಯಮತ್ತೂರಿನ ಡಾಕ್ಟರು ಅಮ್ಮನ ಕುತ್ತಿಗೆಯ ಗಡ್ಡೆ ಮುಟ್ಟಿ ನೋಡಿ, ತೆಗೆಯಲೇಬೇಕು, ಆದರೆ ದನಿಯ ನರ ಪಕ್ಕದಲ್ಲೇ ಇದೆ, ದನಿ ಹೋದರೂ ಹೋಗಬಹುದು ಅಂದರು. ಅಮ್ಮ ತಮಿಳಿನಲ್ಲೇ "ಸರಿಂಗ" ಅಂದಳು, ಟೊಮ್ಯಾಟೊ ಬೆಲೆ ಕೇಳಿದವಳ ಹಾಗೆ. ನಮ್ಮೂರು ಪಲ್ಲಡಂ ಬರುವವರೆಗೂ ಬಸ್ಸಿನಲ್ಲಿ ಅವಳು ನಿದ್ದೆ ಹೊಡೆದಳು. ನಾನು ಅವಳ ಕುತ್ತಿಗೆಯನ್ನೇ ನೋಡುತ್ತ ಕೂತೆ.

ಆಗ ನಾನು ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ಕೆಲಸ ಮಾಡಿಕೊಂಡು, ಸಂಜೆ ಹೊತ್ತು ಗಿಟಾರ್ ಬಾರಿಸುವ ಗೆಳೆಯನ ಜೊತೆ ಒಂದು ಹಾಡು ಕಟ್ಟುತ್ತಿದ್ದೆ. ಮೆತ್ತನೆಯ ರಾಕ್, ನಿಧಾನದ ಪ್ರೇಮದ ಹಾಡು, ನಮ್ಮನೆಯ ತಮಿಳು ಬೆರೆತ ಕನ್ನಡದಲ್ಲಿ. ಗೆಳೆಯನಿಗೆ ಕನ್ನಡದ ಗಂಧವಿಲ್ಲ. ಆದರೂ ಕೊನೆಯಲ್ಲಿ ಬರುವ ಗುನುಗು ಅವನಿಗೆ ಪ್ರಾಣ. ಆ ಗುನುಗು ನನ್ನದಲ್ಲ, ಅಮ್ಮನದು. ಪವರ್‌ಲೂಮ್ ಓಡಿಸುತ್ತ ಅವಳು ಜೀವಮಾನವಿಡೀ ಹಾಡಿಕೊಂಡು ಬಂದದ್ದು. ದನಿ ಇರುವಾಗಲೇ ಅವಳಿಂದಲೇ ಹಾಡಿಸಿಬಿಡೋಣ ಅಂತ ಹಟ ಹಿಡಿದೆ.

ಸ್ಟುಡಿಯೊಗೆ ಕರೆದುಕೊಂಡು ಹೋದೆ. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು, ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಳು. ಬಾಯಿ ತೆಗೆದಳು, ದನಿ ಬರಲಿಲ್ಲ. ಮತ್ತೆ ಹಾಡಿದಾಗ ಎಷ್ಟು ಜೋರು ಅಂದರೆ ರೆಕಾರ್ಡ್ ಮಾಡುವವನು ಬೆಚ್ಚಿಬಿದ್ದ.

"ಇಷ್ಟು ಸದ್ದಿಲ್ಲದ ಕಡೆ ಯಾರು ಹಾಡ್ತಾರೆ ಅಮ್ಮಣಿ? ಸಾವಿನ ಮನೆ ಇದ್ದಂಗಿದೆ," ಅಂದಳು ನನ್ನ ಕಡೆ ತಿರುಗಿ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ. "ನಿಂಗೆ ಸ್ವಲ್ಪಾನೂ ಭಯ ಇಲ್ವಾ?" ಅಂತ ಎಲ್ಲರೆದುರಿಗೇ ರೇಗಿದೆ.

ಮಗ್ಗದ ಶೆಡ್ಡಿನ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಎಲ್ಲರೂ ತುಟಿ ಆಡಿಸಿ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ನಾನೂ ಅಲ್ಲೇ ಬೆಳೆದವಳು. ಅಮ್ಮ ಗಾಜಿನಾಚೆಯಿಂದ ಬರೀ ತುಟಿಯಲ್ಲಿ ಹೇಳಿದಳು, "ಇದೆ. ನೀನು ಹೆದರ್ತೀಯ ಅಂತ ಹೇಳ್ಲಿಲ್ಲ." ಪಕ್ಕದಲ್ಲಿದ್ದ ಗೆಳೆಯನಿಗೆ ಏನೂ ಗೊತ್ತಾಗಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದೆ.

ಕೊನೆಗೆ ಮೈಕನ್ನೇ ಪಲ್ಲಡಂಗೆ ಹೊತ್ತುಕೊಂಡು ಹೋದೆವು. ಮಗ್ಗಗಳು ಓಡತೊಡಗಿದ್ದೇ ತಡ, ಅಮ್ಮ ತುಂಡಾದ ನೂಲನ್ನು ಗಂಟು ಹಾಕುತ್ತ ಹಾಡಿಯೇಬಿಟ್ಟಳು. ಮಗ್ಗದ ಸದ್ದೆಲ್ಲ ರೆಕಾರ್ಡಿಂಗಿನೊಳಗೆ ಬಂತು ಅಂತ ಗೆಳೆಯ ಗೊಣಗಿದ. ಆಮೇಲೆ ಅವನೇ ಮಗ್ಗದ ಲಯಕ್ಕೆ ಡ್ರಮ್ಸ್ ಕೂರಿಸಿ, ಇದಕ್ಕಿಂತ ಇನ್ನೇನು ಬೇಕು ಅಂದ.

ಆಪರೇಷನ್ ದಿನವೇ ಹಾಡು ಬಿಡುಗಡೆಯಾಗಲಿ ಅಂತ ಹೇಳಿದವಳು ಅಮ್ಮ. "ನಾನು ಒಳಗೆ ಹೋದಾಗ ಅದು ಹೊರಗೆ ಬರಲಿ, ಬಿಡು," ಅಂದಳು. ಅವಳನ್ನು ಒಳಗೆ ಕರೆದುಕೊಂಡು ಹೋದರು. ಗೆಳೆಯ ಹಾಡನ್ನು ಯೂಟ್ಯೂಬಿಗೆ ಹಾಕಿದ. ಜನ ಕೇಳುತ್ತಿದ್ದಾರೆ, ಕೊನೆಯಲ್ಲಿ ಹಾಡಿದ್ದು ಯಾರು ಅಂತ ವಿಚಾರಿಸುತ್ತಿದ್ದಾರೆ ಅಂತ ಮೆಸೇಜಿನ ಮೇಲೆ ಮೆಸೇಜು. ಯಾರಿಗೆ ಬೇಕಾಗಿತ್ತು ಅದು? ಆಸ್ಪತ್ರೆಯ ಬೆಂಚಿನ ಮೇಲೆ ಫೋನು ಬೋರಲು ಹಾಕಿಕೊಂಡು ಕೂತಿದ್ದೆ. ಹಾಡು ಕೇಳಿದರೆ ಅದೇ ಅವಳ ಕೊನೆಯ ದನಿಯಾಗಿಬಿಡುತ್ತದೆ ಅನ್ನುವ ಹುಚ್ಚು ಭಯ.

ಗಡ್ಡೆ ತೆಗೆದಾಗಿದೆ, ದನಿಯ ವಿಷಯ ಈಗಲೇ ಹೇಳುವ ಹಾಗಿಲ್ಲ ಅಂದರು ಡಾಕ್ಟರು. ಅಮ್ಮನಿಗೆ ಎಚ್ಚರವಾದಾಗ ನರ್ಸ್, ಮಾತಾಡಬೇಡಿ, ಬರೆದು ತೋರಿಸಿ ಅಂತ ಪೆನ್ನು ಕೊಟ್ಟಳು. ಅಮ್ಮ ಅದನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು. ತುಟಿ ಆಡಿತು. "ಹಾಡು ಹಾಕು."

ಇಯರ್‌ಫೋನ್ ಒಂದನ್ನು ಅವಳ ಕಿವಿಗಿಟ್ಟೆ. ಇನ್ನೊಂದನ್ನು ನನ್ನ ಕಿವಿಗೆ ಇಟ್ಟುಕೊಳ್ಳುವ ಧೈರ್ಯ ಬರಲಿಲ್ಲ. ಕೊನೆಯ ಗುನುಗು ಬಂದಾಗ ಅವಳ ಹುಬ್ಬು ಮೇಲೇರಿತು.

"ಇದು ನಾನಾ?" ಅಂದವು ತುಟಿಗಳು. "ಮಗ್ಗದ ಸದ್ದಲ್ಲಿ ಒಂದಿನಾನೂ ನಂಗೆ ಕೇಳಿಸಿರ್ಲಿಲ್ಲ."

"ನೀನೇ ಅಮ್ಮಾ," ಅಂದೆ ನಾನೂ ತುಟಿಯಲ್ಲೇ. ದನಿ ತೆಗೆದಿದ್ದರೆ ಅತ್ತುಬಿಡುತ್ತಿದ್ದೆ.

ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಕುತ್ತಿಗೆಯ ಬ್ಯಾಂಡೇಜನ್ನು ಮೆಲ್ಲಗೆ ಮುಟ್ಟಿಕೊಂಡು, ಸದ್ದಿಲ್ಲದೆ ಅಂದಳು, "ಚೆನ್ನಾಗೇ ಇತ್ತಲ್ಲ ಅಮ್ಮಣಿ."